ಎಂಟು ವಾರ ಅನ್ನ ಬಿಟ್ಟ ಹುಡುಗ

ಹೋಟೆಲಿನವನಾದವನು ಯಾರಿಗೂ ‘ಉಣ್ಣಬೇಡ’ ಎಂದು ಹೇಳಬಾರದೆಂಬುದು ನಮ್ಮ ವೃತ್ತಿಯ ಅಲಿಖಿತ ನಿಯಮ. ಹದಿನೆಂಟು ವರ್ಷ ಗಲ್ಲಾದ ಹಿಂದೆ ಕುಳಿತು, ಆ ಬಳಿಕ ಈ ಪತ್ರಿಕೆಯ ಮೇಜಿಗೆ ಬಂದವನಾದ ನಾನು ಆ ನಿಯಮವನ್ನು ಇದುವರೆಗೂ ಮೀರಿದವನಲ್ಲ. ಆದರೆ ಇಂದು ಬರೆಯಹೊರಟಿರುವುದು ಅನ್ನ ಬಿಟ್ಟು ಚೇತರಿಸಿಕೊಂಡ ಒಬ್ಬ ಹುಡುಗನ ವಿಷಯ. ಅನ್ನ ಬಿಡುವುದೆಂದರೆ ಉಪವಾಸವೆಂದು ವಾಚಕರು ಭಾವಿಸಬಾರದು. ಅವನ ಹೊಟ್ಟೆಗೆ ಆ ಎಂಟು ವಾರಗಳಲ್ಲಿ ಬಿದ್ದಷ್ಟು ಪೋಷಣೆ ಹಿಂದಿನ ಎರಡು ವರ್ಷಗಳಲ್ಲಿ ಬಿದ್ದಿರಲಿಲ್ಲ. ಆದರೂ ಅವನ ತಾಯಿ ಅವನಿಗೆ ಒಂದು ತುತ್ತು ಅನ್ನ ಕಲಸಿ ಕೊಡುವಂತಿರಲಿಲ್ಲ. ಅವನ ತಂದೆಯಾದರೋ ದಿನಕ್ಕೆ ನೂರಾರು ಜನರಿಗೆ ಅಡುಗೆ ಮಾಡಿ ಬಡಿಸುವವರು.

ಆ ತಂದೆ ನಮ್ಮ ಹೋಟೆಲಿನ ಅಡುಗೆಯ ಭಟ್ಟರು, ಕುಂದಾಪುರದ ಕಡೆಯವರು. ಹೋಟೆಲನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಿದ್ದಾನಾದರೂ ಭಟ್ಟರ ಸುಖದುಃಖ ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ. ಅವರ ಹೆಂಡತಿ ಮಕ್ಕಳು ಊರಲ್ಲಿದ್ದರು. ಮಗನಿಗೆ ಆಗ ಹನ್ನೆರಡು ವರ್ಷ. ಒಂದು ಸಲ ಊರಿಂದ ಬಂದ ಭಟ್ಟರು ನಗುತ್ತಾ, “ರಾಯರೇ, ನಮ್ಮ ಮಾಣಿಯ ಶಾಲೆಯ ಅಂಗಿ ಎರಡು ವರ್ಷವಾದರೂ ಸರಿಯಾಗಿಯೇ ಇದೆ, ಹೊಸತು ಹೊಲಿಸುವ ಖರ್ಚು ಉಳಿಯಿತು” ಎಂದರು. ನಾನೂ ನಕ್ಕೆ. ಹತ್ತರಿಂದ ಹನ್ನೆರಡರ ಪ್ರಾಯದ ಹುಡುಗನ ಅಂಗಿ ಎರಡು ವರ್ಷ ಚಿಕ್ಕದಾಗಲಿಲ್ಲವೆಂದರೆ ಅದು ನಗುವ ಸಂಗತಿಯಲ್ಲವೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದನ್ನು ನೆನೆದಾಗ ಈಗಲೂ ನನಗೆ ನಾಚಿಕೆಯಾಗುತ್ತದೆ.

ಹುಡುಗನಿಗೆ ಊಟವಾದ ಮೇಲೆ ಹೊಕ್ಕುಳ ಕೆಳಗೆ ಬಲಗಡೆ ನೋವು ಬರುತ್ತಿತ್ತು. ನೋವು ಬರುವುದೆಂದು ಅವನು ಊಟವನ್ನೇ ಕಡಮೆ ಮಾಡಿದ್ದ. ಮನೆಯವರು ಅದನ್ನು ಹಟವೆಂದರು, ಶಾಲೆಗೆ ಹೋಗದಿರಲು ಹೂಡಿದ ನೆಪವೆಂದರು. ಹುಳುವಿನ ಔಷಧ ಕೊಟ್ಟದ್ದಾಯಿತು, ದೃಷ್ಟಿ ತೆಗೆದದ್ದಾಯಿತು. ಆಗಾಗ ಭೇದಿ, ಸಂಜೆಯಾದರೆ ಸಣ್ಣ ಜ್ವರ, ಬಾಯಲ್ಲಿ ಹುಣ್ಣು, ಮುಖ ಬಿಳಿಚಿದ್ದು. ಕೊನೆಗೆ ಒಬ್ಬ ವೈದ್ಯರು ಕರುಳಿನ ಕ್ಷಯವೆಂದು ಊಹಿಸಿ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದರು. ಆ ವೈದ್ಯರನ್ನು ದೂಷಿಸಲು ನಾನು ಸಿದ್ಧನಿಲ್ಲ. ನಮ್ಮ ದೇಶದಲ್ಲಿ ಕ್ಷಯ ಹೆಚ್ಚು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಕ್ಷಯವೂ ಹುಣ್ಣು ಮಾಡುತ್ತದೆ, ಈಗ ಹೇಳಲಿರುವ ರೋಗವೂ ಹುಣ್ಣು ಮಾಡುತ್ತದೆ. ಎರಡನ್ನೂ ಬೇರ್ಪಡಿಸುವುದು ದೊಡ್ಡ ತಜ್ಞರಿಗೂ ಕಷ್ಟವೆಂದು ಅವರೇ ಒಪ್ಪುತ್ತಾರೆ. ಆರು ತಿಂಗಳಾದರೂ ಹುಡುಗ ಚೇತರಿಸದಿದ್ದಾಗ ಭಟ್ಟರು ಅವನನ್ನು ಮುಂಬಯಿಗೆ ಕರೆತಂದರು. ಇಲ್ಲಿ ಮಕ್ಕಳ ಉದರರೋಗ ತಜ್ಞರೊಬ್ಬರು ರಕ್ತ ಮಲಗಳನ್ನು ಪರೀಕ್ಷಿಸಿ, ಕರುಳೊಳಕ್ಕೆ ದುರ್ಬೀನು ಇಳಿಸಿ ನೋಡಿ, ಚೂರು ಮಾಂಸ ತೆಗೆಸಿ ಪ್ರಯೋಗಾಲಯಕ್ಕೆ ಕಳುಹಿಸಿ, ಹತ್ತು ದಿನಗಳ ಮೇಲೆ ಇದು ಕ್ರೋನ್ ರೋಗವೆಂದು ನಿಶ್ಚಯಿಸಿದರು.

ಕ್ರೋನ್ ಎಂಬುದು ಒಬ್ಬ ವೈದ್ಯರ ಹೆಸರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರ್ರಿಲ್ ಕ್ರೋನ್, ಲಿಯೋನ್ ಗಿನ್ಸ್‌ಬರ್ಗ್, ಗೋರ್ಡನ್ ಓಪನ್‌ಹೈಮರ್ ಎಂಬ ಮೂವರು 14 ರೋಗಿಗಳನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮುಂಚೆ, 1913ರಲ್ಲಿಯೇ, ಗ್ಲಾಸ್ಗೋದ ಡಾಲ್ಜಿಯೆಲ್ ಎಂಬ ಶಸ್ತ್ರವೈದ್ಯರು ಇಂಥದೇ ಕಾಯಿಲೆಯನ್ನು ವರ್ಣಿಸಿದ್ದರು. ಹೆಸರು ಮಾತ್ರ ಕ್ರೋನರಿಗೆ ಸಂದಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ 1956ರ ಜೂನ್ ತಿಂಗಳಲ್ಲಿ ಇದೇ ರೋಗದಿಂದ ಕರುಳು ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಅವರು ಮತ್ತೆ ಚುನಾವಣೆ ಗೆದ್ದರು. ಈ ಸಂಗತಿಯನ್ನು ಭಟ್ಟರಿಗೆ ಹೇಳಿದಾಗ ಅವರಿಗೆ ಅದೇಕೋ ದೊಡ್ಡ ಸಮಾಧಾನವಾಯಿತು.

ಕರುಳಿನ ಉರಿಯೂತವೆಂದು ಕರೆಯುವ ಈ ಜಾತಿಯ ರೋಗಗಳಲ್ಲಿ ಮುಖ್ಯವಾದವು ಎರಡು. ಕ್ರೋನ್ ರೋಗ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ, ಅಲ್ಲಲ್ಲಿ ಬಿಟ್ಟು ಬಿಟ್ಟು, ಕರುಳಿನ ಗೋಡೆಯ ಆಳದವರೆಗೂ ಹತ್ತುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಎಂಬ ಇನ್ನೊಂದು ದೊಡ್ಡ ಕರುಳಿನ ಒಳಪದರದಲ್ಲಿ ಮಾತ್ರ ಇರುವುದು; ರಕ್ತಭೇದಿ ಅದರ ಮುಖ್ಯ ಲಕ್ಷಣ. ದೇಹದ ರಕ್ಷಣೆಗೆಂದು ಇರುವ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುವುದು ಎರಡರಲ್ಲಿಯೂ ಸಮಾನ. ಇವು ಒಬ್ಬರಿಂದೊಬ್ಬರಿಗೆ ಅಂಟುವ ರೋಗಗಳಲ್ಲ. ಕುಟುಂಬದ ಗುಣವೂ ಸ್ವಲ್ಪ ಉಂಟು, ಕರುಳಿನಲ್ಲಿ ವಾಸಿಸುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳ ಏರುಪೇರೂ ಉಂಟು, ಆಹಾರದ ಪಾತ್ರವೂ ಉಂಟು. ಇವು ಬಿಳಿಯರ ದೇಶದ ರೋಗಗಳೆಂಬ ನಂಬಿಕೆ ಹಿಂದೆ ಇತ್ತು. ಪಂಜಾಬಿನಲ್ಲಿ ಮನೆಮನೆ ತಿರುಗಿ ಮಾಡಿದ, 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ಕಂಡುಬಂದ ಮೇಲೆ ಆ ನಂಬಿಕೆಗೆ ಆಧಾರ ಉಳಿಯಲಿಲ್ಲ.

ತಜ್ಞರು ಭಟ್ಟರನ್ನೂ, ಜತೆಗೆ ಹೋಗಿದ್ದ ನನ್ನನ್ನೂ ಕುಳ್ಳಿರಿಸಿಕೊಂಡು, “ಇವನಿಗೆ ಎಂಟು ವಾರ ಊಟ ತಿಂಡಿ ಏನೂ ಬೇಡ, ನಾನು ಬರೆದುಕೊಡುವ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಅದೇ ಬೆಳಗಿನ ತಿಂಡಿ, ಅದೇ ಮಧ್ಯಾಹ್ನದ ಊಟ, ಅದೇ ರಾತ್ರಿಯದ್ದು. ನೀರು ಎಷ್ಟು ಬೇಕಾದರೂ ಕುಡಿಯಲಿ. ಬೇರೆ ಏನೂ ಬಾಯಿಗೆ ಹೋಗಕೂಡದು” ಎಂದರು.

ಭಟ್ಟರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಡಾಕ್ಟರೇ, ಔಷಧ ಯಾವಾಗ ಶುರು ಮಾಡುತ್ತೀರಿ?” ಎಂದು ಕೇಳಿದರು.

“ಇದೇ ಔಷಧ ಭಟ್ಟರೇ” ಎಂದರು ವೈದ್ಯರು.

ಹೊರಗೆ ಬಂದು ಟ್ಯಾಕ್ಸಿ ಕಾಯುತ್ತಿದ್ದಾಗ ಭಟ್ಟರು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. “ರಾಯರೇ, ಊರವರೆಲ್ಲ ನನ್ನ ಕೈಯಡುಗೆ ಉಣ್ಣುತ್ತಾರೆ. ನನ್ನ ಮಾಣಿ ಮಾತ್ರ ಉಣ್ಣಕೂಡದಂತೆ.” ಆ ದಿನ ಅವರಿಗೆ ಚಿಕಿತ್ಸೆಯ ಮೇಲೆ ನಂಬಿಕೆ ಇರಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಇರಲಿಲ್ಲ. ಹಾಲುಪುಡಿಯಂಥ ಒಂದು ಪುಡಿ ಕರುಳಿನ ಹುಣ್ಣನ್ನು ಮಾಯಿಸುವುದೆಂದರೆ ಯಾರು ನಂಬುತ್ತಾರೆ? ಎಸ್.ಎಸ್.ಎಲ್.ಸಿ.ಯ ಮುಂದಕ್ಕೆ ಓದದ ನಾನು ಅಂದಿನಿಂದ ಈ ವಿಷಯವನ್ನು ಕುರಿತು ಕೇಳಿದ್ದೂ ಓದಿದ್ದೂ ಸ್ವಲ್ಪವಲ್ಲ. ಅದರ ಸಾರವನ್ನು ಇಲ್ಲಿ ಹೇಳುತ್ತೇನೆ.

ಈ ಚಿಕಿತ್ಸೆಯನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ. ಅದು ಬೇರೆ ಕೆಲಸದ ನಡುವೆ ಕಣ್ಣಿಗೆ ಬಿತ್ತು. 1960ರ ದಶಕದಲ್ಲಿ ಅಮೆರಿಕದಲ್ಲಿ ಅಂತರಿಕ್ಷಯಾತ್ರಿಗಳಿಗೆಂದು, ಕರುಳಿಗೆ ಹೆಚ್ಚು ಶ್ರಮವಿಲ್ಲದೆ ಒಳಸೇರುವ, ಮಲವೂ ಕಡಮೆಯಾಗುವ ಒಂದು ದ್ರವಾಹಾರದ ಪ್ರಯೋಗ ನಡೆಯಿತು. ಸಾರಜನಕಾಂಶ, ಸಕ್ಕರೆ, ಜೀವಸತ್ವ, ಲವಣಗಳೆಲ್ಲ ಅದರಲ್ಲಿ ಒಡೆದ ರೂಪದಲ್ಲಿರುತ್ತಿದ್ದವು. ಕ್ರೋನ್ ರೋಗದಿಂದ ಬಡಕಲಾದವರನ್ನು ಶಸ್ತ್ರಚಿಕಿತ್ಸೆಗೆ ಗಟ್ಟಿಮಾಡಲೆಂದು ಆಸ್ಪತ್ರೆಗಳು ಇಂಥ ಆಹಾರವನ್ನು ಕೊಡತೊಡಗಿದವು. ಆಗ ಕೆಲವರ ಹೊಟ್ಟೆನೋವು, ಜ್ವರ, ಭೇದಿ ತಾವಾಗಿಯೇ ಇಳಿದವು. ಇದೇ ಪ್ರಧಾನ ಚಿಕಿತ್ಸೆಯಾಗಬಹುದೇ ಎಂಬ ಪ್ರಶ್ನೆಯನ್ನು 1973ರಲ್ಲಿ ಶಸ್ತ್ರವೈದ್ಯರ ಒಂದು ತಂಡ ತಮ್ಮ ಪ್ರಬಂಧದ ತಲೆಬರಹದಲ್ಲಿಯೇ ಎತ್ತಿತು. 1984ರಲ್ಲಿ ಇಂಗ್ಲೆಂಡಿನಲ್ಲಿ 21 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಸ್ಟೀರಾಯ್ಡ್ ಮಾತ್ರೆ, ಇನ್ನೊಂದಕ್ಕೆ ದ್ರವಾಹಾರ ಕೊಟ್ಟು ನೋಡಿದರು. ಆಹಾರವು ಮಾತ್ರೆಗೆ ಕಡಮೆಯೇನೂ ಆಗಲಿಲ್ಲ. 1987ರಲ್ಲಿ ಲಂಡನ್ನಿನ ಮಕ್ಕಳಲ್ಲಿ ಇದನ್ನೇ ಆರು ವಾರ ಪರೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು: ದ್ರವಾಹಾರ ಪಡೆದ ಮಕ್ಕಳು ಸ್ಟೀರಾಯ್ಡ್ ಪಡೆದವರಿಗಿಂತ ಚೆನ್ನಾಗಿ ಎತ್ತರ ಬೆಳೆದರು.

ಮಕ್ಕಳ ವಿಷಯದಲ್ಲಿ ಈ ಎತ್ತರವೇ ಮುಖ್ಯವಾದದ್ದು. ಸ್ಟೀರಾಯ್ಡ್ ಉರಿಯೂತವನ್ನು ಬೇಗ ತಗ್ಗಿಸುವುದು ನಿಜ. ಆದರೆ ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವನಾದವನು ಬೆಳೆಯುವಷ್ಟು ಬೆಳೆದಾಗಿದೆ. ಹನ್ನೆರಡರ ಹುಡುಗನಿಗೆ ಬೆಳೆಯುವ ಕಾಲ ಇನ್ನು ನಾಲ್ಕಾರು ವರ್ಷ ಮಾತ್ರ, ಅದು ಕಳೆದರೆ ಮತ್ತೆ ಬಾರದು. 2006ರಲ್ಲಿ ಇಟಲಿಯ ವೈದ್ಯರು 37 ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಹತ್ತು ವಾರಗಳ ತರುವಾಯ ದುರ್ಬೀನು ಹಾಕಿ ನೋಡಿದಾಗ, ದ್ರವಾಹಾರದ ಗುಂಪಿನಲ್ಲಿ ನೂರಕ್ಕೆ 74 ಮಕ್ಕಳ ಕರುಳಿನ ಹುಣ್ಣು ಮಾಯ್ದಿತ್ತು. ಸ್ಟೀರಾಯ್ಡ್ ಗುಂಪಿನಲ್ಲಿ ನೂರಕ್ಕೆ 33. ಹೊರಗಿನ ಲಕ್ಷಣಗಳು ಎರಡೂ ಗುಂಪುಗಳಲ್ಲಿ ಹೆಚ್ಚುಕಡಮೆ ಒಂದೇ ತೆರನಾಗಿ ಇಳಿದಿದ್ದವು, ವ್ಯತ್ಯಾಸವಿದ್ದುದು ಒಳಗೆ. ಇಂಥ ಆಧಾರಗಳ ಮೇಲೆ ಯುರೋಪಿನ ಮಕ್ಕಳ ಉದರರೋಗ ತಜ್ಞರ ಸಂಘವು 2014ರಲ್ಲಿಯೂ 2020ರಲ್ಲಿಯೂ ಹೊರಡಿಸಿದ ಸೂಚನೆಗಳಲ್ಲಿ, ಕ್ರೋನ್ ರೋಗ ಕೆರಳಿರುವ ಮಕ್ಕಳಿಗೆ ಮೊದಲು ಕೊಡತಕ್ಕ ಚಿಕಿತ್ಸೆಯಾಗಿ ಆರರಿಂದ ಎಂಟು ವಾರಗಳ ದ್ರವಾಹಾರವನ್ನೇ ಹೆಸರಿಸಿತು. ಪುಡಿ ಹೇಗೆ ಕೆಲಸ ಮಾಡುತ್ತದೆಂಬುದು ಪೂರ್ಣ ಬಗೆಹರಿದಿಲ್ಲ. ಕರುಳಿನ ಸೂಕ್ಷ್ಮಜೀವಿಗಳ ಸಮುದಾಯ ಆ ಅವಧಿಯಲ್ಲಿ ಬದಲಾಗುವುದು ಮಾತ್ರ ಕಂಡಿದೆ.

ಹೀಗೆ ಕಾಗದದ ಮೇಲೆ ಸುಲಭವಾಗಿ ಕಾಣುವ ಈ ಚಿಕಿತ್ಸೆಯ ಭಾರವೆಲ್ಲ ಬೀಳುವುದು ಮನೆಯವರ ಮೇಲೆ. ಭಟ್ಟರ ಹೆಂಡತಿ ಮಗನೊಂದಿಗೂ ಎಂಟು ವರ್ಷದ ಮಗಳೊಂದಿಗೂ ಮುಂಬಯಿಗೆ ಬಂದು ಡೊಂಬಿವಿಲಿಯ ಕಡೆ ಒಂದು ಕೋಣೆ ಮಾಡಿದರು. ಮೊದಲು ಎದುರಾದುದು ಲೆಕ್ಕದ ಪ್ರಶ್ನೆ. ಆ ಬಗೆಯ ಪುಡಿಯ 400 ಗ್ರಾಂ ಡಬ್ಬಿಯಲ್ಲಿ ಸುಮಾರು 2000 ಕ್ಯಾಲೊರಿ ಇರುತ್ತದೆ. ಆ ಪ್ರಾಯದ ಹುಡುಗನಿಗೆ ದಿನಕ್ಕೆ ಬೇಕಾಗುವುದೂ ಹೆಚ್ಚುಕಡಮೆ ಅಷ್ಟೇ. ಎಂದರೆ ದಿನಕ್ಕೊಂದು ಡಬ್ಬಿ, ಎಂಟು ವಾರಕ್ಕೆ 56 ಡಬ್ಬಿ. ಹೋಟೆಲಿನ ಭಟ್ಟರ ಸಂಬಳಕ್ಕೆ ಇದು ಸಣ್ಣ ಬಾಬತ್ತಲ್ಲ. ನಾನು ಗಲ್ಲಾದವನ ಬುದ್ಧಿಯಿಂದ ವೈದ್ಯರನ್ನು ಕೇಳಿಯೇಬಿಟ್ಟೆ: ಇದಕ್ಕಿಂತ ಅಗ್ಗದ್ದು ಇಲ್ಲವೇ? ಅವರು ಬೇಸರಿಸಲಿಲ್ಲ. ಸಾರಜನಕಾಂಶವನ್ನು ಪೂರ್ಣ ಒಡೆದ ದುಬಾರಿ ಪುಡಿಗೂ, ಒಡೆಯದ ಸಾಮಾನ್ಯ ಪುಡಿಗೂ ಗುಣದಲ್ಲಿ ಅಂತರ ಕಂಡುಬಂದಿಲ್ಲವಂತೆ. ಸಾಮಾನ್ಯದ್ದು ಬಾಯಿಗೂ ರುಚಿ. ಆದರೆ ಅದು ಸಂಪೂರ್ಣ ಆಹಾರವಾಗಿರಬೇಕು. ಔಷಧದಂಗಡಿಯಲ್ಲಿ ಹಾಲಿಗೆ ಬೆರೆಸಿ ಕುಡಿಯಲೆಂದು ಮಾರುವ ಪುಷ್ಟಿಪುಡಿಗಳೆಲ್ಲ ಹಾಗಲ್ಲ. ಯಾವ ಪುಡಿ, ಎಷ್ಟು ಅಳತೆ ಎಂಬುದನ್ನು ಆಸ್ಪತ್ರೆಯ ಆಹಾರತಜ್ಞೆ ಬರೆದುಕೊಟ್ಟರು. ತೀರ ಬಡಕಲಾದ ಮಗುವಿಗೆ ಮೊದಲ ದಿನವೇ ಪೂರ್ಣ ಅಳತೆ ಕೊಟ್ಟರೆ ರಕ್ತದ ಲವಣಾಂಶ ಒಮ್ಮೆಲೇ ಇಳಿದು ಜೀವಕ್ಕೇ ಅಪಾಯವಾಗಬಹುದಾದ ಕಾರಣ ಕೆಲವು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಿದರು. ಡಬ್ಬಿಯ ಖರ್ಚಿಗೆ ಹೋಟೆಲಿನ ಮಾಣಿಗಳೂ ಕ್ಲೀನರುಗಳೂ ಟಿಪ್ಸಿನ ಡಬ್ಬಿಯನ್ನೇ ಒಡೆದರು. ಕ್ಲಾರ್ಕು ಬಂಧುಗಳಲ್ಲಿ ಒಂದು ಮಾತು: ನಿಮಗೆ ವಿಮೆಯೋ ಇ.ಎಸ್.ಐ. ಸೌಲಭ್ಯವೋ ಇದ್ದರೆ, ಇಂಥ ಪುಡಿಯನ್ನು ಅವರು ಔಷಧವೆಂದು ಎಣಿಸುವರೋ ಆಹಾರವೆಂದು ಎಣಿಸುವರೋ ಎಂಬುದನ್ನು ಚಿಕಿತ್ಸೆಗೆ ಮುಂಚೆಯೇ ವೈದ್ಯರ ಚೀಟಿಯೊಂದಿಗೆ ವಿಚಾರಿಸಿಕೊಳ್ಳಿ.

ಮೊದಲ ವಾರ ಹುಡುಗ ಅತ್ತ. ಎರಡನೆಯ ದಿನ ಲೋಟವನ್ನೇ ತಳ್ಳಿ ಚೆಲ್ಲಿದ. ಕುಡಿಯಲು ಒಪ್ಪದ ಮಕ್ಕಳಿಗೆ ಮೂಗಿನ ಮೂಲಕ ತೆಳ್ಳನೆಯ ನಳಿಗೆ ಇಳಿಸಿ ಕೊಡುವ ಕ್ರಮವೂ ಉಂಟು. ಅದರ ಹೆಸರು ಕೇಳಿ ಅವನು ಲೋಟವನ್ನೇ ಆರಿಸಿಕೊಂಡ. ತಣ್ಣಗೆ ಮಾಡಿ ಕೊಟ್ಟರೆ ವಾಸನೆ ಕಡಮೆ, ಮುಚ್ಚಳವಿರುವ ಲೋಟದಿಂದ ಹೀರಿದರೆ ಇನ್ನೂ ಕಡಮೆ ಎಂಬುದನ್ನು ತಾಯಿ ಕಂಡುಕೊಂಡರು. ಒಂದೇ ಕೋಣೆಯ ಮನೆಯಲ್ಲಿ ಒಗ್ಗರಣೆ ಹಾಕುವುದೆಂತು? ಆಕೆ ಎಂಟು ವಾರ ಮನೆಯಲ್ಲಿ ಒಗ್ಗರಣೆಯನ್ನೇ ಹಾಕಲಿಲ್ಲ. ತಂಗಿ ಪಕ್ಕದ ಮನೆಯಲ್ಲಿ ಊಟ ಮಾಡಿ ಬಾಯಿ ತೊಳೆದುಕೊಂಡು ಬರುತ್ತಿದ್ದಳು. ಭಟ್ಟರು ಹೋಟೆಲಿನಿಂದ ಹೊರಡುವ ಮುಂಚೆ ಸ್ನಾನ ಮಾಡಿ ಅಂಗಿ ಬದಲಿಸುವ ರೂಢಿ ಮಾಡಿಕೊಂಡರು. ಮೈಯಿಂದ ಸಾಂಬಾರಿನ ಪರಿಮಳ ಬಂದರೆ ಮಾಣಿ ಮುಖ ತಿರುಗಿಸುತ್ತಾನೆ ಎಂದರು.

ಹತ್ತನೆಯ ದಿನದ ಹೊತ್ತಿಗೆ ನೋವು ನಿಂತಿತು. ಹದಿನೈದನೆಯ ದಿನ ತೂಕ ನೋಡಿದಾಗ ಒಂದೂವರೆ ಕಿಲೋ ಏರಿತ್ತು. ಇಲ್ಲಿಯೇ ನಿಜವಾದ ಕಷ್ಟ ಮೊದಲಾದುದು! ನೋವಿದ್ದಾಗ ಊಟವನ್ನು ಕಂಡರೆ ಅಂಜುತ್ತಿದ್ದ ಹುಡುಗನಿಗೆ ನೋವು ಹೋದೊಡನೆ ಹಸಿವೆ ಬಂದಿತು. ನಾಲ್ಕನೆಯ ವಾರದಲ್ಲಿ ಚೌತಿ ಬಂತು. ಊರಿಂದ ಬಂದಿದ್ದ ಅಜ್ಜಿ, ಹಬ್ಬದ ದಿನ ಮಗು ಬರಿಬಾಯಲ್ಲಿರುವುದನ್ನು ಸಹಿಸಲಾರದೆ, ಯಾರೂ ಇಲ್ಲದಾಗ ಎರಡು ಕಡುಬು ತಿನ್ನಿಸಿಬಿಟ್ಟರು. ತಿಳಿದ ಮೇಲೆ ಮನೆಯಲ್ಲಿ ದೊಡ್ಡ ರಂಪವಾಯಿತು. ಭಟ್ಟರು ಹೆದರಿಕೊಂಡು ನನಗೆ ಫೋನು ಮಾಡಿದರು. ನಾನು ವೈದ್ಯರಿಗೆ ಹೇಳಿಬಿಡಿ ಎಂದೆ. ವೈದ್ಯರು ಗದರಿಸಲಿಲ್ಲ. ಎರಡು ಕಡುಬಿನಿಂದ ಎಲ್ಲ ಕೆಡುವುದಿಲ್ಲ. ಕಡುಬು ತಿಂದದ್ದನ್ನು ಮುಚ್ಚಿಟ್ಟರೆ ಕೆಡುತ್ತದೆ, ಪುಡಿ ಕೆಲಸ ಮಾಡಲಿಲ್ಲವೆಂದು ತಿಳಿದು ನಾನು ಸ್ಟೀರಾಯ್ಡ್ ಬರೆಯಬೇಕಾಗುತ್ತದೆ ಎಂದರು. ಅಜ್ಜಿಯನ್ನು ಕರೆದು, ಮೊಮ್ಮಗನ ತೂಕದ ಚೀಟಿಯನ್ನು ತೋರಿಸಿದರು. ಅಜ್ಜಿ ಓದು ಬಾರದವರು. ಆದರೆ ಅಂಕೆ ಬಲ್ಲರು. ಅಂದಿನಿಂದ ಲೋಟ ಹಿಡಿದು ಕುಡಿಸುವ ಕೆಲಸ ಅವರದೇ ಆಯಿತು.

ಇದನ್ನು ಓದಿ ಹೊಟ್ಟೆನೋವಿರುವ ತಮ್ಮ ಮಗುವಿಗೂ ಹೀಗೆಯೇ ಮಾಡೋಣವೆಂದು ಯಾರಾದರೂ ಹೊರಟರೆ ನಾನು ಅಪರಾಧಿಯಾಗುತ್ತೇನೆ. ಆದುದರಿಂದ ಸ್ಪಷ್ಟವಾಗಿ ಬರೆಯುತ್ತೇನೆ. ಈ ಎಂಟು ವಾರದ ಕ್ರಮ ಕ್ರೋನ್ ರೋಗಕ್ಕೆ. ಮಕ್ಕಳ ಅಲ್ಸರೇಟಿವ್ ಕೊಲೈಟಿಸ್‌ಗೆ ಇದೊಂದರಿಂದಲೇ ಉರಿಯೂತ ಇಳಿಯುವುದೆಂಬುದಕ್ಕೆ ಆಧಾರವಿಲ್ಲ. ಅಲ್ಲಿ ಮಾತ್ರೆಗಳೇ ಮೊದಲು. ಕ್ರೋನ್ ರೋಗದಲ್ಲಿಯೂ ಗುದದ್ವಾರದ ಬಳಿ ಕೀವು ಒಸರುವ ನಾಳವಾದಾಗ, ಕರುಳು ಕಿರಿದಾದಾಗ, ರೋಗ ಬಹಳ ಆಳಕ್ಕೆ ಇಳಿದಾಗ, ವೈದ್ಯರು ಮೊದಲಿನಿಂದಲೇ ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದ ಚುಚ್ಚುಮದ್ದನ್ನು ಆರಿಸಬಹುದು. ಸರಿಯಾಗಿ ನಡೆಸಿದರೂ ನೂರಕ್ಕೆ ಇಪ್ಪತ್ತರಿಂದ ನಲವತ್ತು ಮಕ್ಕಳಿಗೆ ದ್ರವಾಹಾರದಿಂದ ಪೂರ್ಣ ಗುಣ ಕಾಣದು. ಗುಣ ಕಂಡವರಿಗೂ ರೋಗ ಬೇರುಸಹಿತ ಹೋಗುವುದಿಲ್ಲ, ಮಲಗುತ್ತದೆ. ಅದು ಏಳದಂತೆ ನೋಡಿಕೊಳ್ಳಲು ಬೇರೆ ಮಾತ್ರೆ ಬೇಕಾಗುತ್ತದೆ. ಭಟ್ಟರ ಮಗನಿಗೂ ಮಾತ್ರೆ ಜತೆಯಲ್ಲಿಯೇ ಮೊದಲಾಗಿತ್ತು.

ಎಂಟು ವಾರ ಮುಗಿದ ಮೇಲೆ ಮುಂದೇನು ಎಂಬ ಪ್ರಶ್ನೆಗೆ ಹಿಂದೆ ಒಳ್ಳೆಯ ಉತ್ತರವಿರಲಿಲ್ಲ. ಹಳೆಯ ಊಟಕ್ಕೆ ಮರಳಿದ ಮಕ್ಕಳಲ್ಲಿ ಹಲವರಿಗೆ ರೋಗವೂ ಮರಳುತ್ತಿತ್ತು. ಇಸ್ರೇಲಿನ ಆರಿ ಲೆವೀನ್ ಎಂಬ ವೈದ್ಯರು ಇದನ್ನು ಹಿಡಿದು ವಿಚಾರಿಸಿದರು: ದ್ರವಾಹಾರದ ಗುಣ ಅದರಲ್ಲಿ ಇರುವ ವಸ್ತುವಿನಿಂದಲೋ, ಅಥವಾ ಆ ದಿನಗಳಲ್ಲಿ ಮಗು ತಿನ್ನದೆ ಬಿಟ್ಟ ವಸ್ತುವಿನಿಂದಲೋ? ಬಿಟ್ಟದ್ದರಿಂದಲೇ ಆದರೆ, ಕೆಡಕು ವಸ್ತುಗಳನ್ನು ಮಾತ್ರ ಬಿಟ್ಟು ಉಳಿದದ್ದನ್ನು ಉಣ್ಣಬಹುದಲ್ಲ! ಅವರೂ ಕೆನಡಾದ ವೈದ್ಯರೂ ಸೇರಿ 74 ಮಕ್ಕಳ ಮೇಲೆ ನಡೆಸಿದ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆರು ವಾರ ಬರಿಯ ದ್ರವಾಹಾರ. ಇನ್ನೊಂದಕ್ಕೆ ಅರ್ಧ ದ್ರವಾಹಾರ, ಅರ್ಧ ಆರಿಸಿದ ಊಟ: ಅಕ್ಕಿ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಸೇಬು, ಮೊಟ್ಟೆ, ತಾಜಾ ಕೋಳಿಮಾಂಸ. ಗೋಧಿ, ಹಾಲು, ಡಬ್ಬಿಯ ಹಾಗೂ ಪೊಟ್ಟಣದ ತಿನಿಸು ವರ್ಜ್ಯ. ಆರನೆಯ ವಾರದಲ್ಲಿ ಊಟದ ಗುಂಪಿನ ನೂರಕ್ಕೆ 75, ದ್ರವದ ಗುಂಪಿನ ನೂರಕ್ಕೆ 59 ಮಕ್ಕಳು ಸ್ಟೀರಾಯ್ಡ್ ಇಲ್ಲದೆ ರೋಗದ ಲಕ್ಷಣಗಳಿಂದ ಮುಕ್ತರಾಗಿದ್ದರು. ಬಳಿಕ ಎರಡೂ ಗುಂಪುಗಳಿಗೆ ಕಾಲುಭಾಗ ದ್ರವ ಉಳಿಸಿ, ಒಂದಕ್ಕೆ ಪಥ್ಯದ ಊಟ, ಇನ್ನೊಂದಕ್ಕೆ ಎಂದಿನ ಊಟ ಕೊಟ್ಟರು. ಹನ್ನೆರಡನೆಯ ವಾರಕ್ಕೆ ಪಥ್ಯದವರಲ್ಲಿ ನೂರಕ್ಕೆ 75.6, ಎಂದಿನ ಊಟದವರಲ್ಲಿ 45.1 ಮಂದಿ ಮಾತ್ರ ಆರೋಗ್ಯದಲ್ಲಿದ್ದರು.

ಅಕ್ಕಿ, ಆಲೂಗಡ್ಡೆ, ಬಾಳೆಹಣ್ಣು ಎಂದು ಕೇಳಿದೊಡನೆ ಕರಾವಳಿಯವರಾದ ನಮಗೆ ಸಂತೋಷವಾಗುವುದು ಸಹಜ. ಆದರೆ ಆ ಪಟ್ಟಿಯಲ್ಲಿ ಮೊದಲ ವಾರಗಳಿಗೆ ಬೇಳೆಕಾಳು ಇಲ್ಲ. ಎಂದರೆ ಇಡ್ಲಿ, ದೋಸೆ, ಸಾಂಬಾರಿಗೆ ಜಾಗವಿಲ್ಲ. ಕೋಳಿ ಮೊಟ್ಟೆ ಮುಟ್ಟದ ಮನೆಯವರು ಪಟ್ಟಿಯನ್ನು ತಾವೇ ತಿದ್ದಿಕೊಳ್ಳಬಾರದು. ಮಗುವಿಗೆ ಸಾರಜನಕಾಂಶದ ಕೊರತೆಯಾಗದ ಹಾಗೆ ಆಹಾರತಜ್ಞರಿಂದಲೇ ಬದಲು ಬರೆಯಿಸಿಕೊಳ್ಳಬೇಕು. ಭಟ್ಟರು ಹಾಗೆಯೇ ಮಾಡಿದರು.

ಪೊಟ್ಟಣದ ತಿನಿಸನ್ನು ಕುರಿತು ಹೋಟೆಲಿನವನಾಗಿ ಒಂದು ಮಾತು ಒಪ್ಪಿಕೊಳ್ಳಬೇಕು. ಐಸ್‌ಕ್ರೀಮು, ಸಾಸು, ಬ್ರೆಡ್ಡು ಮೊದಲಾದವುಗಳಲ್ಲಿ ಎಣ್ಣೆ ನೀರು ಬೇರೆಯಾಗದಂತೆ, ಮೃದುತ್ವ ಕೆಡದಂತೆ ಹಿಡಿದಿಡುವ ಪದಾರ್ಥಗಳನ್ನು ಸೇರಿಸುತ್ತಾರೆ. ಪಾಲಿಸಾರ್ಬೇಟ್ 80, ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಎರಡನ್ನು ಇಲಿಗಳಿಗೆ ಕೊಟ್ಟಾಗ ಕರುಳಿನ ಒಳಗಣ ಲೋಳೆಯ ಪದರ ತೆಳುವಾಗಿ, ಸೂಕ್ಷ್ಮಜೀವಿಗಳು ಗೋಡೆಗೆ ಹತ್ತಿರ ಬಂದು ಉರಿಯೂತ ಎದ್ದುದನ್ನು ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಇಲಿಯಲ್ಲಾದದ್ದು ಮಗುವಿನಲ್ಲಿಯೂ ಹಾಗೆಯೇ ಆಗುವುದೆಂದು ಸಾಧಿಸಿದಂತಾಗಲಿಲ್ಲ. ಆದರೂ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ನಾನು ಹದಿನೆಂಟು ವರ್ಷಗಳಲ್ಲಿ ಒಂದು ಸಲವೂ ಓದಿರಲಿಲ್ಲ. ಗಿರಾಕಿಗೆ ರುಚಿಯಾದರೆ ಸಾಕೆಂದಿದ್ದೆ.

ಬಾಳೆಹಣ್ಣಿನದು ಒಂದು ಹಳೆಯ ಕಥೆಯೇ ಇದೆ. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಸೀಲಿಯಾಕ್ ಎಂಬ ಬೇರೊಂದು ಕರುಳುರೋಗದ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಬದುಕಿಸಿದರು. ರೊಟ್ಟಿ, ಧಾನ್ಯ, ಆಲೂಗಡ್ಡೆ ವರ್ಜ್ಯ, ಬಾಳೆಹಣ್ಣು ಯಥೇಚ್ಛ. ಗುಣ ಬಾಳೆಹಣ್ಣಿನದೆಂದು ಅವರು ನಂಬಿದರು. ಹಾಲೆಂಡಿನ ವಿಲ್ಲೆಮ್ ಡಿಕ್ಕೆ ಎಂಬ ವೈದ್ಯರು, ಮಹಾಯುದ್ಧದ ಕ್ಷಾಮಕಾಲದಲ್ಲಿ ರೊಟ್ಟಿ ಸಿಗದಾಗ ಆ ರೋಗದ ಮಕ್ಕಳು ಚೇತರಿಸಿಕೊಂಡುದನ್ನು ಗಮನಿಸಿ, ದೋಷ ಗೋಧಿಯದೆಂದು 1950ರ ಪ್ರಬಂಧದಲ್ಲಿ ತೋರಿಸಿದರು. ಹಾಸರ ಮಕ್ಕಳು ಬದುಕಿದ್ದು ಬಾಳೆಹಣ್ಣು ತಿಂದುದರಿಂದಲ್ಲ, ರೊಟ್ಟಿ ಬಿಟ್ಟುದರಿಂದ. 1950ರ ದಶಕದಲ್ಲಿ ಎಲೇನ್ ಗೊಟ್‌ಶಾಲ್ ಎಂಬ ತಾಯಿ ಅಲ್ಸರೇಟಿವ್ ಕೊಲೈಟಿಸ್ ಇದ್ದ ಮಗಳನ್ನು ಇದೇ ಹಾಸರ ಬಳಿಗೆ ಕರೆದೊಯ್ದರು. ಮಗಳು ಚೇತರಿಸಿಕೊಂಡ ಮೇಲೆ ಆಕೆ ನಡುವಯಸ್ಸಿನಲ್ಲಿ ಶಾಸ್ತ್ರ ಓದಿ ಆ ಪಥ್ಯವನ್ನು ಪುಸ್ತಕ ಬರೆದು ಹರಡಿದರು. ಆ ತಾಯಿಯ ಛಲಕ್ಕೆ ಕೈಮುಗಿಯಬೇಕು. ಆದರೆ 2021ರಲ್ಲಿ ಅಮೆರಿಕದಲ್ಲಿ ಕ್ರೋನ್ ರೋಗದ ವಯಸ್ಕರಲ್ಲಿ ಆ ಕಠಿಣ ಪಥ್ಯವನ್ನು ತರಕಾರಿ, ಹಣ್ಣು, ಆಲಿವ್ ಎಣ್ಣೆಯ ಸಾಧಾರಣ ಆರೋಗ್ಯಾಹಾರದೊಂದಿಗೆ ಹೋಲಿಸಿದಾಗ ಆರು ವಾರಗಳಲ್ಲಿ ಗುಣ ಕಂಡವರು ಕ್ರಮವಾಗಿ ನೂರಕ್ಕೆ 46.5 ಮತ್ತು 43.5, ಹೇಳಿಕೊಳ್ಳುವಂಥ ಭೇದವಿಲ್ಲ.

ಇಷ್ಟು ಬರೆಯಲು ಕಾರಣವಿದೆ. ಹಳದಿ ಪುಡಿಯಿಂದ, ಗೋಮೂತ್ರದಿಂದ, ಹಾಲು ಬಿಟ್ಟರೆ ಸಾಕು ಎಂಬ ಮಂತ್ರದಿಂದ ಕರುಳುರೋಗ ವಾಸಿಮಾಡುತ್ತೇವೆಂದು ಹೇಳುವವರು ನಮ್ಮ ಚಾಳುಗಳಿಗೂ ಬರುತ್ತಾರೆ, ಮೊಬೈಲಿನಲ್ಲಿಯೂ ಬರುತ್ತಾರೆ. ಅಂಥವನೊಬ್ಬ ಭಟ್ಟರಿಗೂ ಮಾತ್ರೆ ನಿಲ್ಲಿಸಿ ತನ್ನ ಪುಡಿ ಕೊಡಲು ಹೇಳಿದ್ದ. ಆಹಾರದಿಂದಲೇ ಗುಣವಾದ ಮಗುವಿಗೆ ಮಾತ್ರೆಯೇಕೆ ಎಂಬುದು ಅವನ ವಾದ. ಭಟ್ಟರು ಅವನಿಗೆ ಕೇಳಿದ ಪ್ರಶ್ನೆ ಇಷ್ಟೇ: “ನಿನ್ನ ಪುಡಿ ತಿಂದ ಎಷ್ಟು ಮಕ್ಕಳ ಕರುಳನ್ನು ದುರ್ಬೀನು ಹಾಕಿ ನೋಡಿದ್ದಿ?”

ಮಗು ತೂಕ ಏರದೆ ನಿಂತರೆ, ಎತ್ತರ ಬೆಳೆಯದಿದ್ದರೆ, ರಾತ್ರಿ ನಿದ್ರೆಯಿಂದೆಬ್ಬಿಸುವ ನೋವೋ ಭೇದಿಯೋ ಇದ್ದರೆ, ಮಲದಲ್ಲಿ ರಕ್ತ ಕಂಡರೆ, ಗುದದ್ವಾರದ ಬಳಿ ಮತ್ತೆ ಮತ್ತೆ ಕುರುವಾದರೆ, ವಾರಗಟ್ಟಲೆ ಕಾಯದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಮಲದಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಎಂಬ ವಸ್ತುವನ್ನು ಅಳೆಯುವ ಪರೀಕ್ಷೆಯಿಂದ ಕರುಳಿನಲ್ಲಿ ಉರಿಯೂತವಿದೆಯೇ ಎಂಬುದರ ಸುಳಿವು ಸಿಗುತ್ತದೆ. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ವರ್ಷಕ್ಕೊಮ್ಮೆ ಹೋಗುವ ನಮ್ಮವರು, ಹೋದಾಗ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಒಂದು ಗೆರೆ ಎಳೆದು ತಾರೀಕು ಬರೆದು ಬರಲಿ. ಅಂಗಿಯ ಸಂಗತಿಯನ್ನು ಕೇಳಿ ನಕ್ಕವನು ಹೇಳುತ್ತಿರುವ ಮಾತಿದು.

ಎಂಟು ವಾರ ಮುಗಿದ ದಿನ ಭಟ್ಟರು ಮಗನನ್ನು ಹೋಟೆಲಿಗೆ ಕರೆತಂದಿದ್ದರು. ಊಟದ ಗದ್ದಲ ಇಳಿದ ಮೇಲೆ, ಮೂರು ಗಂಟೆಯ ಹೊತ್ತಿಗೆ, ಬೇರೆ ಪಾತ್ರೆಯಲ್ಲಿ ಒಂದು ಹಿಡಿ ಬೆಳ್ತಿಗೆ ಅಕ್ಕಿ ಮೆತ್ತಗೆ ಬೇಯಿಸಿ, ಉಪ್ಪು ಹಾಕಿ, ಒಳಗಿನ ಮೇಜಿನ ಮೇಲೆ ಸಣ್ಣ ಎಲೆಯಲ್ಲಿ ಬಡಿಸಿದರು. ಹುಡುಗ ನಾಲ್ಕು ತುತ್ತು ಉಂಡು, ಸಾಕು, ಉಳಿದದ್ದು ಪುಡಿಯೇ ಕುಡಿಯುತ್ತೇನೆ ಎಂದ. ಎಲ್ಲರೂ ನಕ್ಕರು. ಆ ಬಳಿಕ ಹದಿನಾಲ್ಕು ತಿಂಗಳಾಗಿವೆ. ಅವನು ಆರು ಸೆಂಟಿಮೀಟರು ಬೆಳೆದಿದ್ದಾನೆ, ಮಾತ್ರೆ ನುಂಗುತ್ತಿದ್ದಾನೆ, ನಡುವೆ ಒಮ್ಮೆ ನೋವು ಬಂದು ಎರಡು ವಾರ ಮತ್ತೆ ಪುಡಿ ಕುಡಿದಿದ್ದಾನೆ. ಬರುವ ತಿಂಗಳು ಪುನಃ ದುರ್ಬೀನು ತಪಾಸಣೆಯಿದೆ. ಭಟ್ಟರು ನಾಲ್ಕು ದಿನ ರಜೆ ಕೇಳಿದ್ದಾರೆ. ತಮ್ಮ ಬದಲಿ ಭಟ್ಟರನ್ನು ಹುಡುಕುತ್ತಿದ್ದಾನೆ.